ಹೆಣ ಕಾಯುವವನ ಪಾಲು

ಕೇಳುಗರಿಗೆ ನಮಸ್ಕಾರ.

ದಬ್ಬಾಳಿಕೆ, ಅದರ ವಿರುದ್ಧದ ಬಂಡಾಯ ಎಂದ ಕೂಡಲೇ ಸಾಹಿತ್ಯ ಬಲ್ಲವರು ಅಂತಿಗೊನೆಯ ಹೆಸರು ಎತ್ತುತ್ತಾರೆ. ಗ್ರೀಕ್ ನಾಟಕಕಾರ ಸೋಫೊಕ್ಲಿಸ್ ಕ್ರಿ.ಪೂ. 441ರ ಸುಮಾರಿಗೆ ಬರೆದ ನಾಟಕದ ನಾಯಕಿ ಅವಳು. ಅವಳನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಅದೇ ನಾಟಕದ ಒಬ್ಬ ಕಾವಲುಗಾರನ ಬಗ್ಗೆ ಜಾಸ್ತಿ ಮಾತಾಡುತ್ತೇನೆ. ಅವನಿಗೆ ನಾಟಕದಲ್ಲಿ ಹೆಸರೂ ಇಲ್ಲ.

ಮೊದಲು ಕತೆ. ಥೀಬ್ಸ್ ಎಂಬ ಊರು. ಪಟ್ಟಕ್ಕಾಗಿ ಅಣ್ಣತಮ್ಮಂದಿರು ಹೊಡೆದಾಡಿ, ಒಬ್ಬರ ಕೈಯಲ್ಲಿ ಒಬ್ಬರು ಸತ್ತಿದ್ದಾರೆ. ಅವರ ಸೋದರಮಾವ ಕ್ರಿಯೋನ್ ಈಗ ದೊರೆ. ಊರನ್ನು ಕಾಯಲು ನಿಂತ ಎಟಿಯೊಕ್ಲಿಸ್‌ಗೆ ಮರ್ಯಾದೆಯ ಸಂಸ್ಕಾರ ಆಗುತ್ತದೆ. ಹೊರಗಿನ ದಂಡನ್ನು ಕರೆತಂದ ಪಾಲಿನೈಸಿಸ್‌ನ ಹೆಣ ಮಾತ್ರ ನಾಯಿ, ಹದ್ದುಗಳಿಗೆ. ಯಾರಾದರೂ ಅದನ್ನು ಮಣ್ಣು ಮಾಡಿದರೆ ಕಲ್ಲು ಹೊಡೆದು ಕೊಲ್ಲಬೇಕು ಎಂದು ಡಂಗುರ ಸಾರುತ್ತಾರೆ. ಒಡಹುಟ್ಟಿದ ಅಂತಿಗೊನೆ ಹೋಗಿ ಹೆಣದ ಮೇಲೆ ಮಣ್ಣು ಉದುರಿಸಿ ಬರುತ್ತಾಳೆ. ಅವಳ ಬಂಡಾಯ ಇಷ್ಟೇ. ದಂಡು ಕಟ್ಟಲಿಲ್ಲ, ಪಟ್ಟ ಕೇಳಲಿಲ್ಲ.

ಈಗ ನಮ್ಮ ಕಾವಲುಗಾರ. ಆ ಹೆಣ ಕಾಯಲು ದೊರೆ ಇಟ್ಟವರಲ್ಲಿ ಒಬ್ಬ. ಯಾರೋ ಮಣ್ಣು ಹಾಕಿದ ಸುದ್ದಿಯನ್ನು ದೊರೆಗೆ ಮುಟ್ಟಿಸಬೇಕು, ಯಾರು ಹೋಗುವುದು? ಕಾವಲಿನವರೆಲ್ಲ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿ ಜಗಳವಾಡಿದ್ದಾರೆ. ಕಾದ ಕಬ್ಬಿಣ ಹಿಡಿದು ಪ್ರಮಾಣ ಮಾಡುತ್ತೇವೆ, ಬೆಂಕಿ ಹಾಯುತ್ತೇವೆ ಎಂದಿದ್ದಾರೆ. ಕೊನೆಗೆ ಚೀಟಿ ಎತ್ತಿದ ಹಾಗೆ ಸರದಿ ಹಾಕಿದರೆ, ಇವನ ಪಾಲಿಗೆ ಬಂತು. ದಾರಿಯುದ್ದಕ್ಕೂ ನಿಂತು ನಿಂತು ಬಂದೆ, ಒಂದು ಮನಸ್ಸು ಹೋಗಬೇಡ ಅನ್ನುತ್ತಿತ್ತು, ಇನ್ನೊಂದು ಬೇಗ ಹೋಗು ಅನ್ನುತ್ತಿತ್ತು ಎಂದು ದೊರೆಯ ಮುಂದೆ ಒದ್ದಾಡುತ್ತಾನೆ. ವಿಷಯ ಮಾತ್ರ ಬೇಗ ಬಾಯಿಗೆ ಬರುವುದಿಲ್ಲ. ಕೇಳುತ್ತಿದ್ದರೆ ನಗು ಬರುತ್ತದೆ. ಇಷ್ಟು ಭಾರದ ನಾಟಕದ ನಡುವೆ ಸೋಫೊಕ್ಲಿಸ್ ಈ ನಗುವನ್ನು ಸುಮ್ನೆ ಇಟ್ಟಿಲ್ಲ ಅಂತ ನನ್ನ ಅನಿಸಿಕೆ. ಆಳುವವನ ಮುಂದೆ ನಿಂತಾಗ ಬಡಪಾಯಿಗೆ ನಾಲಿಗೆ ಹೀಗೇ ತೊದಲುತ್ತದೆ, ಅಲ್ವಾ?

ಕ್ರಿಯೋನ್ ಏನು ಮಾಡುತ್ತಾನೆ? ನೀವು ದುಡ್ಡು ತಿಂದಿದ್ದೀರಿ ಅನ್ನುತ್ತಾನೆ. ಕಳ್ಳನನ್ನು ಹಿಡಿದು ತರದಿದ್ದರೆ ನಿಮ್ಮನ್ನೇ ತೂಗುಹಾಕುತ್ತೇನೆ ಅನ್ನುತ್ತಾನೆ. ಅಲ್ಲಿಗೆ ಕೆಲಸ ಆಯಿತು. ಇಲ್ಲಿಯವರೆಗೆ ಈ ಕಾವಲುಗಾರನಿಗೆ ಆ ಹೆಣದ ಮೇಲೆ ಹಗೆಯೂ ಇಲ್ಲ, ಆಸ್ಥೆಯೂ ಇಲ್ಲ. ಇನ್ನು ಮೇಲೆ ಬೇರೆ ಯಾರಾದರೂ ಸತ್ತರೆ ಮಾತ್ರ ಅವನು ಬದುಕುತ್ತಾನೆ.

ಅವನು ವಾಪಸ್ ಹೋಗಿ ಹೆಣದ ಮೇಲಿನ ಮಣ್ಣು ಕೊಡವಿ, ನಾತ ಬಡಿಯದ ಹಾಗೆ ಗಾಳಿ ಬರುವ ದಿಕ್ಕಿನ ದಿಬ್ಬದ ಮೇಲೆ ಕೂರುತ್ತಾನೆ. ನಡುಮಧ್ಯಾಹ್ನ ಸುಂಟರಗಾಳಿ ಎದ್ದು ಅಡಗಿದ ಮೇಲೆ ಅಂತಿಗೊನೆ ಬರುತ್ತಾಳೆ. ಬತ್ತಲೆಯಾಗಿ ಬಿದ್ದ ಹೆಣ ಕಂಡು ಚೀರುತ್ತಾಳೆ, ಮತ್ತೆ ಮಣ್ಣು ಹಾಕುತ್ತಾಳೆ. ಇವನು ಹಿಡಿದು ತರುತ್ತಾನೆ. ಆಗ ಅವನು ಹೇಳುವ ಮಾತಿನ ಸಾರ ಇದು: ನಾನು ಪಾರಾದೆ ಅಂತ ಸಂತೋಷ, ನಮ್ಮವರನ್ನೇ ಸಿಕ್ಕಿಸಿದೆ ಅಂತ ಸಂಕಟ, ಆದರೂ ನನ್ನ ಜೀವ ನನಗೆ ಮೊದಲು. ಹೀಗೆ ಹೇಳಿದವನು ನಾಟಕದಲ್ಲಿ ಮತ್ತೆ ಕಾಣಿಸಿಕೊಳ್ಳುವುದೇ ಇಲ್ಲ. ಮುಂದೆ ಕೆಲವರು ಸಾಯುತ್ತಾರೆ, ಉಳಿದವರು ಅಳುತ್ತಾರೆ, ಇವನು ಎಲ್ಲೋ ಬದುಕಿದ್ದಾನೆ.

ಇವನನ್ನು ಹೇಡಿ ಎಂದು ಬೈಯುವುದು ಸುಲಭ. ಊರಿನ ಹಿರಿಯರು ಇನ್ನೇನು ಮಾಡಿದರು? ದೊರೆಯ ಕಿವಿಗೆ ಬೀಳದ ಹಾಗೆ ಊರೆಲ್ಲ ಆ ಹುಡುಗಿಗಾಗಿ ಮರುಗುತ್ತಿದೆ ಎಂದು ಕ್ರಿಯೋನನ ಮಗ ಹೈಮನ್ ಬಾಯಿಬಿಟ್ಟು ಹೇಳುತ್ತಾನೆ. ಹಿರಿಯರು ಆಗಲೂ ಅತ್ತ ಇತ್ತ ತಲೆಯಾಡಿಸುತ್ತಾರೆ. ದೊರೆ ಶಿಕ್ಷೆಯನ್ನೂ ಬದಲಿಸುತ್ತಾನೆ. ಊರ ನಡುವೆ ಕಲ್ಲು ಹೊಡೆಯುವ ಬದಲು, ಸ್ವಲ್ಪ ಊಟ ಇಟ್ಟು ಬಂಡೆಯ ಗುಹೆಯಲ್ಲಿ ಜೀವಂತ ಮುಚ್ಚಿಬಿಡುವುದು. ಊಟ ಇಟ್ಟಿದ್ದೇವಲ್ಲ, ಕೊಂದ ಪಾಪ ಊರಿಗೆ ತಟ್ಟುವುದಿಲ್ಲ ಎಂಬ ಲೆಕ್ಕ! ನನಗೆ ಇಡೀ ನಾಟಕದಲ್ಲಿ ಅತಿ ಕ್ರೂರ ಅನ್ನಿಸುವುದು ಆ ತಟ್ಟೆ ಊಟ.

ಈ ನಾಟಕವನ್ನು ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿನಲ್ಲಿ ಕೈದಿಗಳು ಆಡಿದ್ದರು. ನೆಲ್ಸನ್ ಮಂಡೇಲಾ ಅದರಲ್ಲಿ ಕ್ರಿಯೋನನ ಪಾತ್ರ ಮಾಡಿದರು. ದಬ್ಬಾಳಿಕೆಗೆ ಸಿಕ್ಕಿ ಜೈಲು ಸೇರಿದವರು ದೊರೆಯ ಮಾತುಗಳನ್ನು ಬಾಯಿಪಾಠ ಮಾಡಿದರು! ಕ್ರಿಯೋನ್ ಮೊದಮೊದಲು ಪ್ರಾಮಾಣಿಕ, ದೇಶದ ಮೇಲೆ ಪ್ರೀತಿ ಇರುವವನು, ಹಟ ಅವನನ್ನು ಕೆಡಿಸಿತು ಎಂದು ಮಂಡೇಲಾ ಆತ್ಮಕಥೆಯಲ್ಲಿ ಗುರುತಿಸಿದ್ದಾರೆ. ಅಂತಿಗೊನೆಯಲ್ಲಿ ಅವರಿಗೆ ಕಂಡದ್ದು ತಮ್ಮದೇ ಹೋರಾಟ.

1973ರಲ್ಲಿ ಅದೇ ದೇಶದ ರಂಗಕರ್ಮಿಗಳಾದ ಅಥಾಲ್ ಫ್ಯೂಗಾರ್ಡ್, ಜಾನ್ ಕಾನಿ, ವಿನ್‌ಸ್ಟನ್ ನ್ಟ್ಶೋನಾ ಸೇರಿ 'ದಿ ಐಲೆಂಡ್' ಎಂಬ ನಾಟಕ ಕಟ್ಟಿದರು. ಒಂದೇ ಕೋಣೆಯ ಇಬ್ಬರು ಕೈದಿಗಳು ಅಂತಿಗೊನೆಯ ವಿಚಾರಣೆಯ ದೃಶ್ಯ ಆಡಲು ತಯಾರಿ ನಡೆಸುವುದು ಅದರ ಕತೆ. ಹೆಣ್ಣುವೇಷ ಹಾಕಿದರೆ ನಗುತ್ತಾರೆ ಎಂದು ಒಬ್ಬ ಮುನಿಸಿಕೊಳ್ಳುತ್ತಾನೆ. ಕೊನೆಗೆ ಅದೇ ವೇಷದ ಟೋಪನ್ನು ಕಿತ್ತೆಸೆದು ಸ್ವಂತ ದನಿಯಲ್ಲಿ ಮಾತಾಡುತ್ತಾನೆ. ಇವರ ಆಟದಲ್ಲಿ ಸೋಫೊಕ್ಲಿಸ್‌ನ ಕಾವಲುಗಾರನಿಗೆ ಪಾತ್ರ ಇಲ್ಲ. ಜೈಲಿನ ಕಾವಲುಗಾರರು ಎದುರಿಗೆ, ನೋಡುವವರ ಸಾಲಿನಲ್ಲಿದ್ದಾರೆ.

ಕನ್ನಡದಲ್ಲಿ ಪಿ. ಲಂಕೇಶ್ ಸೋಫೊಕ್ಲಿಸ್‌ನ ಇನ್ನೊಂದು ನಾಟಕ ಈಡಿಪಸ್‌ನ ಜೊತೆಗೆ ಅಂತಿಗೊನೆಯನ್ನೂ ತಂದಿದ್ದಾರೆ. ಸಿಕ್ಕರೆ ಓದಿ. ಕಾವಲುಗಾರನ ಮಾತನ್ನು ಮನಸ್ಸಿನಲ್ಲಿ ಓದಬೇಡಿ, ಗಟ್ಟಿಯಾಗಿ ಓದಿ. ನಮಸ್ಕಾರ.