ಗೋವಿಂದ ಪೈಗಳು ಕಂಡ ಯೇಸು

ಕೇಳುಗರಿಗೆ ನಮಸ್ಕಾರ.

ಮಂಜೇಶ್ವರ ಗೋವಿಂದ ಪೈ ಎಂದರೆ ನಮ್ಮ ಕಡೆಯವರಿಗೆ ರಾಷ್ಟ್ರಕವಿ. ಆ ಬಿರುದನ್ನು 1949ರಲ್ಲಿ ಮದರಾಸು ಸರಕಾರ ಕೊಟ್ಟಿತು. ಅವರ ಪುಸ್ತಕ ಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಸಂಶೋಧನ ಕೇಂದ್ರದಲ್ಲಿ ಇದೆ ಎಂಬುದೂ ಹಲವರಿಗೆ ಗೊತ್ತು. ಯೇಸುವನ್ನು ಶಿಲುಬೆಗೇರಿಸಿದ ಜಾಗದ ಹೆಸರು ಹೊತ್ತ ‘ಗೊಲ್ಗೊಥಾ’ ಎಂಬ ಅವರ ಖಂಡಕಾವ್ಯದ ಹೆಸರನ್ನೂ ಕೇಳಿದ್ದಾರೆ. ಓದಿದವರು ಮಾತ್ರ ಕಡಿಮೆ. ಅದು ಓದುಗರ ತಪ್ಪೆಂದು ನಾನು ಹೇಳುವುದಿಲ್ಲ. ಪೈಗಳ ಕಾವ್ಯದ ಕನ್ನಡ ಬಹಳ ಗಟ್ಟಿ, ನಿಘಂಟು ಪಕ್ಕದಲ್ಲಿ ಇಟ್ಟುಕೊಂಡೇ ಕೂರಬೇಕು ಮಾರಾಯ್ರೇ.

ಕ್ರೈಸ್ತ ಧರ್ಮದ ಬಗ್ಗೆ ಈ ಕವಿಯ ನಿಲುವೇನು ಎಂದು ಕೇಳಿದರೆ ಸಭೆಗಳಲ್ಲಿ ಒಂದು ಸಿದ್ಧ ಉತ್ತರ ಉಂಟು: ಸರ್ವಧರ್ಮ ಸಮನ್ವಯ. ಇದು ಸುಳ್ಳಲ್ಲ. ಆದರೆ ಇಷ್ಟು ಹೇಳಿ ಚಪ್ಪಾಳೆ ತಟ್ಟಿದರೆ ಕಾವ್ಯವನ್ನು ತೆರೆಯಬೇಕಾದ ಅಗತ್ಯವೇ ಉಳಿಯುವುದಿಲ್ಲ.

ಅವರು ಎಲ್ಲಿಂದ ಬಂದವರು ಎಂಬುದನ್ನು ಮೊದಲು ನೋಡೋಣ. ಹುಟ್ಟಿದ್ದು 1883ರ ಮಾರ್ಚ್ 23ರಂದು, ಮಂಜೇಶ್ವರದ ಅಜ್ಜನ ಮನೆಯಲ್ಲಿ. ಗೌಡ ಸಾರಸ್ವತ ಮನೆತನ, ಮನೆಮಾತು ಕೊಂಕಣಿ. ಪೋರ್ಚುಗೀಸರ ಕಾಲದಲ್ಲಿ ಗೋವೆಯ ದೇವಸ್ಥಾನಗಳು ಬಿದ್ದದ್ದು, ಹಿರಿಯರು ಮನೆಮಠ ಬಿಟ್ಟು ತೆಂಕಣಕ್ಕೆ ಬಂದದ್ದು ಈ ಸಮುದಾಯದವರು ಇಂದಿಗೂ ಹೇಳುವ ಕಥೆ. ಅದೇ ಗೋವೆಯಿಂದ ಬಂದ ಕ್ಯಾಥೊಲಿಕರೂ ಹತ್ತಿರದ ಮಂಗಳೂರಿನಲ್ಲಿ ಕೊಂಕಣಿ ಮಾತಾಡುತ್ತಾ, ಮಿಲಾಗ್ರಿಸಿನಲ್ಲಿ, ರೊಸಾರಿಯೊದಲ್ಲಿ ಇಗರ್ಜಿಗೆ ಹೋಗುತ್ತಾ ಬಾಳಿದರು. ಪೇಟೆಯಲ್ಲಿ ಇಬ್ಬರ ವ್ಯವಹಾರ ಒಂದೇ ಭಾಷೆಯಲ್ಲಿ, ಗೋವೆಯ ನೆನಪು ಮಾತ್ರ ಬೇರೆ ಬೇರೆ. ಇಂಥ ಮನೆಯ ಕವಿಗೆ ಶಿಲುಬೆ ಬರಿಯ ಪರದೇಶದ ಕೌತುಕವಾಗಿರಲು ಸಾಧ್ಯವಿರಲಿಲ್ಲ. ಅದರ ಹಿಂದೆ ಒಂದು ಹಳೆಯ ನೋವಿತ್ತು, ಪಕ್ಕದಲ್ಲಿ ಒಂದು ನೆರೆಮನೆಯೂ ಇತ್ತು.

ಇನ್ನೊಂದು ಕಡೆ ಯುರೋಪಿನಿಂದ ಬಂದ ಕ್ರೈಸ್ತ ಪ್ರಚಾರಕರ ಸಂಸ್ಥೆ ಬಾಸೆಲ್ ಮಿಷನ್. ಅವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಮುದ್ರಣಾಲಯ ತೆರೆದದ್ದು 1841ರಲ್ಲಿ. 1843ರಲ್ಲಿ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ನಿಘಂಟಿನ ಕಿಟೆಲ್ 1862ರಲ್ಲಿ ‘ಕಥಾಮಾಲೆ’ ಎಂಬ ಪುಸ್ತಕದಲ್ಲಿ ಯೇಸುವಿನ ಕಥೆಯನ್ನು ನಮ್ಮ ದೇಸಿ ಹಾಡಿನ ಧಾಟಿಗಳಲ್ಲಿ ಬರೆದರು. ಮಿಷನರಿಗೆ ತನ್ನ ದೇವರು ಈ ನೆಲದವನಂತೆ ಕೇಳಿಸಬೇಕಿತ್ತು. ಎಪ್ಪತ್ತು ವರ್ಷ ಕಳೆದ ಮೇಲೆ, 1930ರ ದಶಕದಲ್ಲಿ, ಮಂಜೇಶ್ವರದ ಕವಿ ಅದೇ ಕಥೆಗೆ ಕೈಹಾಕಿದಾಗ ಹಿಡಿದದ್ದು ಸರಳ ರಗಳೆಯನ್ನು, ಇಂಗ್ಲಿಷ್ ಕಾವ್ಯದ ಪ್ರಾಸವಿಲ್ಲದ ನಡಿಗೆ ಕಿವಿಗೆ ಬಿದ್ದ ಮೇಲೆ ಕನ್ನಡದಲ್ಲಿ ಬೆಳೆದ ಛಂದಸ್ಸನ್ನು. 1911ರಲ್ಲೇ ದ್ವಿತೀಯಾಕ್ಷರ ಪ್ರಾಸವನ್ನು, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ ಹೊಂದಬೇಕೆಂಬ ಹಳೆಯ ನಿಯಮವನ್ನು, ಬಿಟ್ಟವರು ಪೈಗಳು. ಜರ್ಮನಿಯವನು ದೇಸಿ ಮಟ್ಟಿಗೆ ಬಂದ, ನಮ್ಮವರು ಹೊಸ ಮಟ್ಟಿಗೆ ಹೋದರು. ಯಾರನ್ನೂ ಮತಕ್ಕೆ ಸೇರಿಸುವ ಉದ್ದೇಶ ಪೈಗಳಿಗೆ ಇರಲಿಲ್ಲ. ಹಾಗಾಗಿ ಯೇಸುವನ್ನು ಒಗ್ಗಿಸಿಕೊಡುವ ಅವಸರವೂ ಇರಲಿಲ್ಲ.

ಕಾವ್ಯದ ಪೂರ್ಣ ಹೆಸರು ‘ಗೊಲ್ಗೊಥಾ ಅಥವಾ ಯೇಸುವಿನ ಕಡೆಯ ದಿನ’. ಆರಿಸಿಕೊಂಡದ್ದು ಒಂದು ದಿನ. ಗೋದಲಿಯ ಜನನವಲ್ಲ, ನೀರು ದ್ರಾಕ್ಷಾರಸವಾದ ಪವಾಡವಲ್ಲ, ಗುಡ್ಡದ ಮೇಲಿನ ಬೋಧನೆಯೂ ಅಲ್ಲ. ಸುವಾರ್ತೆಗಳಲ್ಲಿ ಆ ದಿನ ಏನೇನು ನಡೆಯುತ್ತದೆ ನೋಡಿ. ಯಾಜಕರ ವಿಚಾರಣೆ. ಕೋಳಿ ಕೂಗುವ ಮುಂಚೆ ಮೂರು ಸಲ ‘ಆತನನ್ನು ಅರಿಯೆ’ ಎನ್ನುವ ಶಿಷ್ಯ ಪೇತ್ರ. ಆರೋಪಿಯಲ್ಲಿ ತಪ್ಪು ಕಾಣದಿದ್ದರೂ ಕೈತೊಳೆದುಕೊಂಡು ಅವನನ್ನು ಕೊಲ್ಲಲು ಒಪ್ಪಿಸುವ ರೋಮನ್ ಅಧಿಕಾರಿ ಪಿಲಾತ. ಗುಂಪಿನ ಕೂಗು. ಉಪ್ಪಿನ ಸತ್ಯಾಗ್ರಹ ನಡೆದ ದಶಕದಲ್ಲಿ ಇದನ್ನು ಕನ್ನಡದಲ್ಲಿ ಓದಿದವರಿಗೆ ಪರದೇಶದ ಅಧಿಕಾರಿ, ಕೋರ್ಟು, ಶಿಕ್ಷೆಗೆ ಕೊರಳೊಡ್ಡಿದ ನಿರಾಯುಧ ಮನುಷ್ಯ ಅಪರಿಚಿತರಾಗಿ ಕಂಡಿರಲಾರರು. ಇದು ನನ್ನ ಊಹೆ. ಆದರೆ ಗಾಂಧೀಜಿಯನ್ನು ಗೌರವಿಸಿದ ಕವಿಯ ಬಗ್ಗೆ ಹೀಗೆ ಊಹಿಸುವುದು ಅತಿಯಾಗಲಾರದು.

ಇಗರ್ಜಿಯಲ್ಲಿ ಶುಭ ಶುಕ್ರವಾರದ ಶಿಲುಬೆಯ ಹಾದಿಗೆ ಅರ್ಥ ಬರುವುದು ಭಾನುವಾರದ ಈಸ್ಟರಿನಿಂದ. ಕ್ರಿಸ್ತ ಎದ್ದುಬರದಿದ್ದರೆ ನಮ್ಮ ನಂಬಿಕೆ ವ್ಯರ್ಥ ಎಂದು ಸಂತ ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ‘ಕಡೆಯ ದಿನ’ ಎಂದು ಗಡಿ ಹಾಕಿಕೊಂಡ ಕಾವ್ಯದ ಆಚೆಗೆ ಆ ಭಾನುವಾರ ನಿಲ್ಲುತ್ತದೆ. ಪೈಗಳ ನಿಲುವು ನನಗೆ ಕಾಣುವುದು ಇಲ್ಲಿ. ಪುನರುತ್ಥಾನವನ್ನು ಅವರು ಅಲ್ಲಗಳೆಯಲು ಹೋಗುವುದಿಲ್ಲ, ಅದನ್ನು ನಂಬುವವರಿಗೆ ಬಿಟ್ಟು ಸಾವಿನ ಎದುರು ನಿಲ್ಲುತ್ತಾರೆ. ಭಕ್ತನಿಗೆ ಇದು ಸಾಲದು. ಮತಾಂತರದ ಜಗಳ ಆಡುವವನಿಗೂ ಇದರಲ್ಲಿ ಸಿಗುವುದು ಏನೂ ಇಲ್ಲ.

1946ರಲ್ಲಿ ‘ವೈಶಾಖಿ’ ಬಂತು. ಅದಕ್ಕೂ ಅಂಥದೇ ಉಪಶೀರ್ಷಿಕೆ, ‘ಬುದ್ಧನ ಕಡೆಯ ದಿನ’. ಸಮನ್ವಯ ಎನ್ನುವವರಿಗೆ ಇದೇ ದೊಡ್ಡ ಸಾಕ್ಷಿ. ನನಗೆ ಇದು ವ್ಯತ್ಯಾಸದ ಸಾಕ್ಷಿ. ಒಬ್ಬನಿಗೆ ಎಂಬತ್ತು ವರ್ಷ, ಕುಶಿನಗರದ ಸಾಲವೃಕ್ಷಗಳ ನಡುವೆ, ಶಿಷ್ಯ ಆನಂದ ಪಕ್ಕದಲ್ಲಿ ಇರುವಾಗ, ಹುಣ್ಣಿಮೆಯ ದಿನ ಬಂದ ಸಾವು. ಕೊನೆಯ ಊಟ ಬಡಿಸಿದ ಚುಂದನನ್ನು ಯಾರೂ ದೂರಬಾರದೆಂದು ಹೇಳಿ ಹೋಗುವಷ್ಟು ಬಿಡುವು ಅವನಿಗಿತ್ತು. ಇನ್ನೊಬ್ಬನಿಗೆ ಇನ್ನೂ ಮೂವತ್ತರ ಹರೆಯ, ಎಡಬಲಕ್ಕೆ ಕಳ್ಳರು, ಶಿಷ್ಯರಲ್ಲಿ ಹೆಚ್ಚಿನವರು ಓಡಿಹೋಗಿದ್ದಾರೆ, ದೇವರೇ ಕೈಬಿಟ್ಟನೇ ಎಂಬ ಕೂಗು. ಇವೆರಡನ್ನೂ ಒಂದೇ ಎನ್ನುವುದು ಇಬ್ಬರಿಗೂ ಅನ್ಯಾಯ. ಪೈಗಳು ಎರಡು ಕಾವ್ಯ ಬರೆದರು, ಎರಡು ಸಾವುಗಳನ್ನು ಬೇರೆ ಬೇರೆಯಾಗಿಯೇ ಇಟ್ಟರು. ಅದರಲ್ಲೂ ಶಾಂತವಾದ ಸಾವಿಗೆ ಮೊದಲು ಅವರು ಬರೆದದ್ದು ಕ್ರೂರವಾದ ಸಾವನ್ನು.

ನಮಸ್ಕಾರ.