ಹರಾಜಿಗೆ ಬಂದ ಮೂಳೆಗಳು

ಕೇಳುಗರಿಗೆ ನಮಸ್ಕಾರ.

ಹರಾಜು ಅಂದರೆ ಏನು ಅಂತ ಕೋಲಾರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಪಿಎಂಸಿ ಟೊಮೆಟೊ ಮಂಡಿಯಲ್ಲಿ ಬೆಳಗಾದರೆ ಅದೇ ಕೂಗು. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ ಒಂದಕ್ಕೆ 2,000 ರೂಪಾಯಿ ದಾಟಿದ್ದು ನಿಮಗೆಲ್ಲ ನೆನಪಿರಬಹುದು. ಆಮೇಲೆ ಏನಾಯಿತು? ಕಂಡಕಂಡವರೆಲ್ಲ ಟೊಮೆಟೊ ನಾಟಿ ಮಾಡಿದರು, ಬೆಲೆ ನೆಲ ಕಚ್ಚಿತು. ಬೆಲೆ ಏರಿದರೆ ಮಾಲು ಜಾಸ್ತಿ ಬರುತ್ತದೆ, ಮಾಲು ಬಂದರೆ ಬೆಲೆ ಇಳಿಯುತ್ತದೆ. ಮಂಡಿಯ ಲೆಕ್ಕ ಇಷ್ಟೇ.

ನಾನು ಇವತ್ತು ಹೇಳಹೊರಟ ಹರಾಜಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. 2024ರ ಜುಲೈನಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜು ಸಂಸ್ಥೆ ಒಂದು ಡೈನೋಸಾರ್ ಅಸ್ಥಿಪಂಜರವನ್ನು ಮಾರಿತು. ಸ್ಟೆಗೊಸಾರಸ್ ಜಾತಿಯದು, ಬೆನ್ನ ಮೇಲೆ ದೊಡ್ಡ ದೊಡ್ಡ ಹಲಗೆಗಳಿರುವ ಪ್ರಾಣಿ. ಇದಕ್ಕೆ ಅಪೆಕ್ಸ್ ಅಂತ ಹೆಸರು. 40ರಿಂದ 60 ಲಕ್ಷ ಡಾಲರ್ ಬರಬಹುದು ಅಂತ ಅಂದಾಜು ಮಾಡಿದ್ದರು. ಕೊನೆಗೆ ಬಂದಿದ್ದು 4 ಕೋಟಿ 46 ಲಕ್ಷ ಡಾಲರ್! ನಮ್ಮ ದುಡ್ಡಿನಲ್ಲಿ ಸುಮಾರು 370 ಕೋಟಿ ರೂಪಾಯಿ. ಕೊಂಡವರು ಅಮೆರಿಕದ ಒಬ್ಬ ಹೂಡಿಕೆದಾರರು.

ಇಷ್ಟು ಬೆಲೆ ಬಂತು ಅಂತ ಡೈನೋಸಾರ್ ಬೆಳೆಯೋಕೆ ಆಗುತ್ತದಾ? ಇಲ್ಲ. ಹಾಗಾದರೆ ಬೆಲೆ ಏರಿದಾಗ ಏನಾಗುತ್ತದೆ? ಅದಕ್ಕೆ ಹಳೆಯ ಕಥೆಯೊಂದಿದೆ.

ಉತ್ತರ ಅಟ್ಲಾಂಟಿಕ್ ಸಮುದ್ರದಲ್ಲಿ ಗ್ರೇಟ್ ಆಕ್ ಅನ್ನುವ ಹಕ್ಕಿ ಇತ್ತು. ದೊಡ್ಡ ಹಕ್ಕಿ, ಹಾರಲು ಬರುತ್ತಿರಲಿಲ್ಲ. ನಾವಿಕರು ಮಾಂಸಕ್ಕೆ, ಕೊಬ್ಬಿಗೆ, ಗರಿಗೆ ಅಂತ ಕೊಂದು ಕೊಂದು ಮುಗಿಸುತ್ತ ಬಂದರು. ಹಕ್ಕಿ ಅಪರೂಪ ಆಗುತ್ತಿದ್ದಂತೆ ಯುರೋಪಿನ ಸಂಗ್ರಾಹಕರಿಗೆ ಅದರ ಚರ್ಮ ಬೇಕಾಯಿತು, ಮೊಟ್ಟೆ ಬೇಕಾಯಿತು. ವ್ಯಾಪಾರಿಗಳು ಒಳ್ಳೆಯ ಬೆಲೆ ಕೊಡುತ್ತಿದ್ದರು. 1844ರ ಜೂನ್‌ನಲ್ಲಿ ಐಸ್‌ಲ್ಯಾಂಡಿನ ಎಲ್ಡೇ ಎಂಬ ಬಂಡೆ ದ್ವೀಪಕ್ಕೆ ದೋಣಿಯಲ್ಲಿ ಹೋದವರು ಅಲ್ಲಿದ್ದ ಒಂದು ಜೋಡಿಯನ್ನು ಹಿಡಿದು ಕತ್ತು ಹಿಸುಕಿದರು. ಮರಿ ಮಾಡುತ್ತಿದ್ದ ಕೊನೆಯ ಜೋಡಿ ಅಂತ ನಮಗೆ ಗೊತ್ತಿರುವುದು ಅದೇ. ಕೊನೆಯದಕ್ಕೇ ಬೆಲೆ ಜಾಸ್ತಿ, ನೋಡಿ.

127 ವರ್ಷ ಆದ ಮೇಲೆ, 1971ರಲ್ಲಿ, ಲಂಡನ್ನಿನ ಹರಾಜಿಗೆ ಒಂದು ಗ್ರೇಟ್ ಆಕ್ ಬಂತು. ಒಳಗೆ ಹುಲ್ಲು ತುಂಬಿ ನಿಲ್ಲಿಸಿದ ಹಕ್ಕಿ. ಐಸ್‌ಲ್ಯಾಂಡಿನ ಜನ ದೇಶವಿಡೀ ಚಂದಾ ಎತ್ತಿ, 9,000 ಪೌಂಡ್ ಕೊಟ್ಟು, ಅದನ್ನು ತಮ್ಮೂರಿಗೆ ತಂದುಕೊಂಡರು. ನಾವು ಊರ ಹಬ್ಬಕ್ಕೆ ಚಂದಾ ಎತ್ತುವವರು. ಸತ್ತ ಹಕ್ಕಿಗಾಗಿ ಚಂದಾ ಎತ್ತಿದ ದೇಶವೂ ಇದೆ ಅಂತ ಗೊತ್ತಾದಾಗ ನನಗಂತೂ ಖುಷಿಯಾಯಿತು.

ಡೈನೋಸಾರ್ ವಿಷಯಕ್ಕೆ ಬರೋಣ. ಅಲ್ಲಿ ಕೊಲ್ಲುವ ಪ್ರಶ್ನೆ ಇಲ್ಲ, ಅವು ಸತ್ತು ಆರೂವರೆ ಕೋಟಿ ವರ್ಷವಾಯಿತು. ಅಲ್ಲಿ ತಂಟೆ ಬರುವುದು ಜಮೀನಿನದು. 1990ರಲ್ಲಿ ಅಮೆರಿಕದ ಸೌತ್ ಡಕೋಟಾದಲ್ಲಿ ಸೂ ಹೆಂಡ್ರಿಕ್ಸನ್ ಎಂಬಾಕೆಗೆ ಟಿ. ರೆಕ್ಸ್ ಎಂಬ ದೈತ್ಯ ಮಾಂಸಾಹಾರಿ ಡೈನೋಸಾರಿನ ಮೂಳೆ ಕಂಡಿತು. ಅವರ ಹೆಸರನ್ನೇ ಅದಕ್ಕೂ ಇಟ್ಟರು, ಸೂ ಅಂತ. ಅಗೆದು ತೆಗೆದ ಖಾಸಗಿ ಸಂಸ್ಥೆ ಜಮೀನಿನ ಯಜಮಾನನಿಗೆ 5,000 ಡಾಲರ್ ಚೆಕ್ ಕೊಟ್ಟಿತ್ತು. ಆಮೇಲೆ ಶುರುವಾಯಿತು ವ್ಯಾಜ್ಯ. ಮೂಳೆ ಯಾರದು? ಅಗೆದವರದಾ, ಜಮೀನಿನವನದಾ, ಸರ್ಕಾರದ್ದಾ? 1992ರಲ್ಲಿ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐನವರು ಬಂದು ಮೂಳೆಗಳನ್ನೆಲ್ಲ ಜಪ್ತಿ ಮಾಡಿದರು. ಕೋರ್ಟು ಜಮೀನಿನವನದೇ ಅಂತ ತೀರ್ಪು ಕೊಟ್ಟಿತು. 1997ರ ಅಕ್ಟೋಬರ್‌ನಲ್ಲಿ ಸೂ ಹರಾಜಿಗೆ ನಿಂತಳು. 83 ಲಕ್ಷ 60 ಸಾವಿರ ಡಾಲರ್‌ಗೆ ಶಿಕಾಗೊದ ಫೀಲ್ಡ್ ಮ್ಯೂಸಿಯಂ ಕೊಂಡಿತು. ದುಡ್ಡಿಗೆ ಮ್ಯಾಕ್‌ಡೊನಾಲ್ಡ್ಸ್, ಡಿಸ್ನಿ ಕಂಪನಿಗಳು ಕೈ ಜೋಡಿಸಿದವು. ಇವತ್ತೂ ಟಿಕೆಟ್ ತೆಗೆದುಕೊಂಡು ಯಾರು ಬೇಕಾದರೂ ಸೂವನ್ನು ನೋಡಬಹುದು.

ಸೂ ಮ್ಯೂಸಿಯಂ ಸೇರಿದ್ದು ಒಳ್ಳೆಯದೇ. ಆದರೆ ಆ ಬೆಲೆ ಕೇಳಿ ಅಕ್ಕಪಕ್ಕದ ಜಮೀನಿನವರ ಕಿವಿ ನೆಟ್ಟಗಾಯಿತು. ಅಮೆರಿಕದಲ್ಲಿ ಖಾಸಗಿ ಜಮೀನಿನಲ್ಲಿ ಸಿಕ್ಕ ಪಳೆಯುಳಿಕೆ ಜಮೀನಿನ ಯಜಮಾನನಿಗೇ ಸೇರುತ್ತದೆ. ಮೊದಲೆಲ್ಲ ವಿಶ್ವವಿದ್ಯಾಲಯದ ಮೇಷ್ಟ್ರು ಹುಡುಗರನ್ನು ಕರೆದುಕೊಂಡು ಹೋಗಿ, ಕೇಳಿಕೊಂಡು, ಸುಮ್ನೆ ಅಗೆಯಬಹುದಿತ್ತು. ಈಗ ಅದೇ ನೆಲವನ್ನು ಮೂಳೆ ವ್ಯಾಪಾರಿಗಳು ಗುತ್ತಿಗೆಗೆ ಹಿಡಿಯುತ್ತಾರೆ. ಮೇಷ್ಟ್ರ ಹತ್ತಿರ ಅಷ್ಟು ದುಡ್ಡೆಲ್ಲಿ?

ಮುಂದೆ 2020ರಲ್ಲಿ ಸ್ಟ್ಯಾನ್ ಎಂಬ ಇನ್ನೊಂದು ಟಿ. ರೆಕ್ಸ್ 3 ಕೋಟಿ 18 ಲಕ್ಷ ಡಾಲರ್‌ಗೆ ಹೋಯಿತು. ಯಾರು ಕೊಂಡರು, ಎಲ್ಲಿಗೆ ಹೋಯಿತು, ಒಂದು ವರ್ಷದ ಮೇಲಾದರೂ ಹೊರಗಿನವರಿಗೆ ಗೊತ್ತಾಗಲಿಲ್ಲ. 2022ರಲ್ಲಿ ಅಬುಧಾಬಿಯ ಹೊಸ ಮ್ಯೂಸಿಯಂಗೆ ಅಂತ ತಿಳಿಯಿತು. ಪುಣ್ಯ.

ವಿಜ್ಞಾನಿಗಳು ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ? ಮೂಳೆಯನ್ನು ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬೆಳವಣಿಗೆಯ ಉಂಗುರಗಳು ಕಾಣುತ್ತವೆ. ಹಾಗೇ ಎಣಿಸಿ ಸೂಗೆ ಸುಮಾರು 28 ವರ್ಷ ಅಂತ ಹೇಳಿದರು. ನಾಳೆ ಇನ್ನೊಬ್ಬರು ಬಂದು, ಇಲ್ಲ, ನಾನೂ ಒಮ್ಮೆ ಎಣಿಸಬೇಕು ಅಂದರೆ ಮೂಳೆ ಅಲ್ಲೇ ಇರಬೇಕು. ಒಬ್ಬರ ಮನೆ ಹಾಲ್‌ನಲ್ಲಿ ನಿಂತ ಮೂಳೆಗೆ ಆ ಖಾತ್ರಿ ಇಲ್ಲ. 370 ಕೋಟಿ ಕೊಟ್ಟವರು ಕೊಯ್ಯಲು ಬಿಡುತ್ತಾರಾ? ಅಪೆಕ್ಸ್ ಮಾಲೀಕರು ಬಿಟ್ಟರು, ನಿಜ. ನ್ಯೂಯಾರ್ಕಿನ ಮ್ಯೂಸಿಯಂಗೆ ಅದನ್ನು ಸಾಲವಾಗಿ ಕೊಟ್ಟು, ತೊಡೆಮೂಳೆಯ ಚೂರು ತೆಗೆಯಲೂ ಒಪ್ಪಿದರು. ಅದು ಅವರ ಒಳ್ಳೆಯತನ. ಆದರೆ ಒಬ್ಬರ ಒಳ್ಳೆಯತನದ ಮೇಲೆ ವಿಜ್ಞಾನ ನಿಲ್ಲಬಾರದು ಅಲ್ವಾ?

ಖಾಸಗಿ ಸಂಗ್ರಾಹಕರೆಲ್ಲ ದುಡ್ಡಿನ ಜಂಬದವರು ಅಂತ ನಾನು ಹೇಳುತ್ತಿಲ್ಲ. ಎ.ಒ. ಹ್ಯೂಮ್ ಹೆಸರು ಕೇಳಿದ್ದೀರಿ. 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಕಾರಣರಾದವರು ಅಂತ ಶಾಲೆಯಲ್ಲಿ ಓದಿದ್ದೇವೆ. ಅದೇ ಹ್ಯೂಮ್ ನಮ್ಮ ದೇಶದ ಹಕ್ಕಿಗಳನ್ನು ಹುಚ್ಚು ಹಿಡಿದವರಂತೆ ಸಂಗ್ರಹಿಸಿದವರು. ಶಿಮ್ಲಾದ ಅವರ ಮನೆಯಲ್ಲಿ ಗರಿ, ಕಾಲು ಸಮೇತ ಸುಲಿದಿಟ್ಟ ಹಕ್ಕಿಚರ್ಮ, ಗೂಡು, ಮೊಟ್ಟೆ ಎಲ್ಲ ಸೇರಿ 82,000 ಮಾದರಿಗಳಿದ್ದವು. ಇಂಥ ಒಂದೊಂದು ಚರ್ಮದ ಕಾಲಿಗೂ ಒಂದು ಚೀಟಿ ಕಟ್ಟುತ್ತಾರೆ. ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಗಂಡೋ ಹೆಣ್ಣೋ, ಎಲ್ಲ ಅದರಲ್ಲಿ. ಚೀಟಿ ಹೋದರೆ ಉಳಿಯುವುದು ಬರೀ ಗರಿ. ಹ್ಯೂಮ್ ಭಾರತದ ಹಕ್ಕಿಗಳ ಬಗ್ಗೆ ದೊಡ್ಡ ಗ್ರಂಥ ಬರೆಯಲು ವರ್ಷಗಟ್ಟಲೆ ಟಿಪ್ಪಣಿ ಮಾಡಿಟ್ಟಿದ್ದರು. ಅವರು ಊರಲ್ಲಿ ಇಲ್ಲದಾಗ ಕೆಲಸದವನೊಬ್ಬ ಆ ಕಾಗದವನ್ನೆಲ್ಲ ಬಜಾರಿನಲ್ಲಿ ರದ್ದಿಗೆ ಹಾಕಿಬಿಟ್ಟ! ತೂಕಕ್ಕೆ! ಹ್ಯೂಮ್ ಅವರಿಗೆ ಆಸಕ್ತಿಯೇ ಹೊರಟುಹೋಯಿತು. 1885ರಲ್ಲೇ ಇಡೀ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಂಗೆ ದಾನ ಕೊಟ್ಟರು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಇವತ್ತಿಗೂ ಭಾರತದ ಹಕ್ಕಿ ಅಧ್ಯಯನ ಮಾಡುವವರು ಆ ಚರ್ಮಗಳನ್ನು ತೆಗೆದು ನೋಡುತ್ತಾರೆ.

ಇನ್ನು ನಮ್ಮ ಜಿಲ್ಲೆಗೆ ಬಂದರೆ, ಹೊಲ ಅಗೆದು ಡೈನೋಸಾರ್ ಹುಡುಕುವ ಆಸೆ ಬೇಡ. ಕೆಜಿಎಫ್ ಸುತ್ತಲಿನ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಅವು ಹುಟ್ಟಿದಾಗ ಭೂಮಿಯ ಮೇಲೆ ಮೂಳೆ ಇರುವ ಪ್ರಾಣಿಯೇ ಇರಲಿಲ್ಲ. ಚಿನ್ನ ಸಿಕ್ಕೀತು, ಡೈನೋಸಾರ್ ಸಿಗದು.

ಕಾಡುಪ್ರಾಣಿ ವಿಷಯದಲ್ಲಿ ಕಾನೂನು ಬಿಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅಜ್ಜನ ಕಾಲದ ಚಿರತೆ ಚರ್ಮ ಗೋಡೆ ಮೇಲಿದ್ದರೆ ಅದಕ್ಕೆ ಮಾಲೀಕತ್ವದ ಪ್ರಮಾಣಪತ್ರ ಇರಬೇಕು. ಇದ್ದರೂ ಮಾರುವ ಹಾಗಿಲ್ಲ. ವಾರಸುದಾರರಿಗೆ ಹೋಗಬಹುದು, ಅಷ್ಟೇ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪೆಂಡೆಂಟ್ ಗಲಾಟೆ ಆದಾಗ ಎಷ್ಟು ಮನೆಗಳಲ್ಲಿ ಬೀರು ತೆಗೆದು ನೋಡಿಕೊಂಡರೋ! ತಾನಾಗಿ ಉದುರಿದ ನವಿಲುಗರಿಗೆ ಮಾತ್ರ ವಿನಾಯಿತಿ ಇದೆ, ಮಕ್ಕಳು ಪುಸ್ತಕದಲ್ಲಿ ಇಟ್ಟುಕೊಳ್ಳಲಿ.

ಅಪರೂಪದ್ದು ಅಂದರೆ ನಮ್ಮಲ್ಲೇ ಇದೆ. ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿಯ ಗುಹೆಯಲ್ಲಿ ಒಂದು ಪುಟ್ಟ ಬಾವಲಿ ಇದೆ. ಕೋಲಾರದ ಎಲೆಮೂಗಿನ ಬಾವಲಿ. 1994ರಲ್ಲಿ ವಿಜ್ಞಾನಿಗಳು ಅದು ಹೊಸ ಪ್ರಭೇದ ಅಂತ ಹೆಸರಿಟ್ಟರು. ಮೊದಲು ತೇರಹಳ್ಳಿಯಲ್ಲೂ ಇತ್ತು, ಈಗ ಅಲ್ಲಿಲ್ಲ. ಪ್ರಪಂಚದಲ್ಲಿ ಬೇರೆಲ್ಲೂ ಸಿಕ್ಕಿಲ್ಲ, ಇರುವುದು 200ಕ್ಕಿಂತ ಕಡಿಮೆ. ಗ್ರೇಟ್ ಆಕ್‌ನ ಕೊನೆಗಾಲದಲ್ಲಿ ಅದಕ್ಕೆ ಬೆಲೆ ಕಟ್ಟುವವರಾದರೂ ಇದ್ದರು. ಈ ಬಾವಲಿಯನ್ನು ಯಾವ ಶ್ರೀಮಂತನೂ ಕೇಳುವುದಿಲ್ಲ. ಅದು ತೂಗಾಡುವ ಬಂಡೆಗೆ ಮಾತ್ರ ಗಿರಾಕಿಗಳಿದ್ದರು, ಗ್ರಾನೈಟ್‌ಗಾಗಿ. ಕಲ್ಲು ಒಡೆಯುವುದೇ ಅದಕ್ಕೆ ದೊಡ್ಡ ಅಪಾಯವಾಗಿತ್ತು. ಈಗ ಗುಹೆಯ ಸುತ್ತಲಿನ ಜಾಗಕ್ಕೆ ಸರ್ಕಾರದ ರಕ್ಷಣೆ ಸಿಕ್ಕಿದೆ.

ಆ ಕಡೆ ಹೋದರೆ ದಯವಿಟ್ಟು ಗುಹೆಯೊಳಗೆ ನುಗ್ಗಬೇಡಿ. ಟಾರ್ಚ್ ಬಿಟ್ಟು, ಕೂಗಿ, ಫೋಟೊ ತೆಗೆಯುವುದೂ ಬೇಡ. ಬೆಟ್ಟದ ಹತ್ತಿರ ಯಾರಾದರೂ ಹೊಸದಾಗಿ ಕಲ್ಲು ಒಡೆಯುವುದು ಕಂಡರೆ ಅರಣ್ಯ ಇಲಾಖೆಯವರಿಗೆ ಒಂದು ಮಾತು ತಿಳಿಸಿ. ನಮಸ್ಕಾರ.