ಬಯಲುಸೀಮೆಯವರ ಮೊದಲ ಹಡಗು

ಎಲ್ಲರಿಗೂ ನಮಸ್ಕಾರ.

ಕೋಲಾರದಲ್ಲಿ ಹಡಗಿನ ಬಗ್ಗೆ ಉಪನ್ಯಾಸ! ಕಾರ್ಯದರ್ಶಿಗಳು ಫೋನ್ ಮಾಡಿದಾಗ ನಾನು ನಕ್ಕುಬಿಟ್ಟೆ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿ ಇಲ್ಲ. ಸಾವಿರದ ಇನ್ನೂರು ಅಡಿ ಬೋರ್ ಕೊರೆಸಿ ಬರೀ ಧೂಳು ನೋಡಿದವರು ಈ ಸಭೆಯಲ್ಲೇ ಇದ್ದೀರಿ. ನಿಲ್ಲದೆ ಬೀಳುವ ನೀರು ಅಂದರೆ ನಮಗೆ ಅಂತರಗಂಗೆಯ ಬಸವನ ಬಾಯಿ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಕಳಿಸುವ ನೀರು, ಲಕ್ಷ್ಮೀಸಾಗರ ಕೆರೆಗೆ ಬಂತು ಅಂದಾಗ ನಾನೂ ನಮ್ಮ ಮನೆಯವರೂ ಸ್ಕೂಟರ್ ಹತ್ತಿ ನೋಡಿಕೊಂಡು ಬಂದೆವು. ಅಂಥ ಊರಿನವರು ನಾವು.

ಆದರೂ ಹೋಗಿ ಬಂದೆವು. ನಾಲ್ಕು ರಾತ್ರಿ. ಸಿಂಗಾಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ಮತ್ತೆ ಸಿಂಗಾಪುರ. ನಮ್ಮ ಮನೆಯವರಿಗೆ ಎಪ್ಪತ್ತು, ಬಿಪಿ, ಎಡಗಾಲಿನ ಮಂಡಿ ನೋವು. ನನಗೆ ಅರವತ್ತಾರು, ಶುಗರ್. ಬಂದ ಮೇಲೆ ವಾಕಿಂಗ್‌ನಲ್ಲಿ ಸಿಕ್ಕವರೆಲ್ಲ ಕೇಳಿದ್ದು ಒಂದೇ, "ಮೇಡಂ, ಎಷ್ಟಾಯ್ತು?" ಅದನ್ನೂ ಹೇಳುತ್ತೇನೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಅದಲ್ಲ. ನಿಮ್ಮಿಬ್ಬರಲ್ಲಿ ಯಾರ ಮೈಗೆ ಕಷ್ಟ ಜಾಸ್ತಿ? ಹಡಗು, ದಾರಿ, ರೂಮು, ಎಲ್ಲವನ್ನೂ ಅವರ ಅಳತೆಗೆ ಆರಿಸಿ. ಗಟ್ಟಿ ಇರುವವರ ಆಸೆಗೆ ಆರಿಸಿದರೆ ಒಬ್ಬರು ನೋಡಿಕೊಂಡು ಬರುತ್ತಾರೆ, ಇನ್ನೊಬ್ಬರು ರೂಮಿನಲ್ಲಿ ಮಲಗಿ ಬರುತ್ತಾರೆ.

ಮಕ್ಕಳು ಅಮೆರಿಕದಲ್ಲಿರುವವರಿಗೆ ಮೊದಲು ಕಿವಿಗೆ ಬೀಳುವ ಹೆಸರು ಅಲಾಸ್ಕ. ನಮ್ಮ ಮಗನೂ ಅದನ್ನೇ ಹೇಳಿದ. ಹಿಮದ ಬೆಟ್ಟ, ತಿಮಿಂಗಿಲ, ಚೆನ್ನಾಗೇ ಇರುತ್ತದೆ. ಆದರೆ ಸಾಮಾನ್ಯವಾಗಿ ಏಳು ರಾತ್ರಿ. ಸೀಸನ್ ಹೆಚ್ಚು ಕಡಿಮೆ ಮೇನಿಂದ ಸೆಪ್ಟೆಂಬರ್‌ವರೆಗೆ. ಹಡಗು ವ್ಯಾಂಕೂವರ್‌ನಿಂದ ಹೊರಡುವುದಾದರೆ ಅಮೆರಿಕದ ವೀಸಾ ಸಾಲದು, ಕೆನಡಾ ವೀಸಾನೂ ಬೇಕು. ಸಿಯಾಟಲ್‌ನಿಂದ ಹೊರಟರೂ ದಾರಿಯಲ್ಲಿ ಒಂದು ಕೆನಡಾ ಬಂದರು ಇರುವುದುಂಟು. ಮೊದಲ ಸಲಕ್ಕೆ ಅಷ್ಟು ಬೇಡ ಅಂದೆ. ಸಮುದ್ರ ನಮಗೆ ಆಗುತ್ತದೋ ಇಲ್ಲವೋ ಅನ್ನುವುದೇ ಗೊತ್ತಿಲ್ಲದೆ ಏಳು ರಾತ್ರಿ ಕಟ್ಟಿಕೊಳ್ಳುವುದೇಕೆ? ಎರಡನೇ ದಿನ ಆಗದು ಅನಿಸಿದರೆ ನಡುದಾರಿಯಲ್ಲಿ ಇಳಿಯೋಕೆ ಅದೇನು ನಮ್ಮ ಕೆಂಪು ಬಸ್ಸಾ?

ನಮ್ಮ ದೇಶದಲ್ಲೇ ಮುಂಬೈನಿಂದ ಹೊರಡುವ ಹಡಗುಗಳಿವೆ. 2021ರಿಂದ ಕಾರ್ಡೀಲಿಯಾ ಕಂಪನಿ ಗೋವಾ, ಲಕ್ಷದ್ವೀಪದ ಕಡೆ ಓಡಿಸುತ್ತಿದೆ. ಎರಡು ಮೂರು ರಾತ್ರಿಯದು ಸಿಗುತ್ತದೆ. ಭಾಷೆ, ಊಟದ ಭಯವಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರದ ಕಡೆ ಹೋಗಬೇಡಿ, ಅದು ಮುಂಗಾರಿನ ಸಮುದ್ರ. ಲಕ್ಷದ್ವೀಪದಲ್ಲಿ ಇನ್ನೊಂದು ತೊಡಕಿದೆ. ಸುತ್ತಲೂ ಹವಳದ ದಿಬ್ಬ, ದೊಡ್ಡ ಹಡಗು ದಡಕ್ಕೆ ಬರುವಂತಿಲ್ಲ. ದೂರದಲ್ಲಿ ಲಂಗರು ಹಾಕಿ, ಸಣ್ಣ ದೋಣಿಗೆ ಇಳಿಸಿ ಕರೆದುಕೊಂಡು ಹೋಗುತ್ತಾರೆ. ಇದನ್ನು ಟೆಂಡರ್ ಅನ್ನುತ್ತಾರೆ. ಪಿಡಬ್ಲ್ಯುಡಿಯಲ್ಲಿದ್ದವರು ಬೇರೆ ಅರ್ಥ ಮಾಡಿಕೊಳ್ಳಬೇಡಿ.

ಈ ಟೆಂಡರ್ ವಿಷಯ ನಾನು ಪಾಡುಪಟ್ಟೇ ಕಲಿತದ್ದು. ನಮ್ಮ ಹಡಗು ಪೆನಾಂಗ್‌ನಲ್ಲಿ ಊರಿಗೇ ಅಂಟಿಕೊಂಡು ನಿಂತಿತು. ಇಳಿದರೆ ಜಾರ್ಜ್‌ಟೌನ್, ಹತ್ತಿರದಲ್ಲೇ ಲಿಟಲ್ ಇಂಡಿಯಾ, ಫಿಲ್ಟರ್ ಕಾಫಿ ಕುಡಿದು ಬಂದೆವು. ಮಾರನೇ ದಿನ ಫುಕೆಟ್‌ನಲ್ಲಿ ಹಡಗು ಸಮುದ್ರದಲ್ಲೇ ನಿಂತಿತು. ಹಡಗು ಅಲುಗುವುದಿಲ್ಲ, ದೋಣಿ ಮಾತ್ರ ಮೇಲೆ ಕೆಳಗೆ ಆಡುತ್ತಿದೆ. ನಡುವೆ ಒಂದು ಮೊಳ ಸಂದು. ದೋಣಿ ಮೇಲೆ ಬಂದ ಗಳಿಗೆ ನೋಡಿ ಕಾಲಿಡಬೇಕು. ಸಿಬ್ಬಂದಿ ಇಬ್ಬರು ಎರಡೂ ರೆಟ್ಟೆ ಹಿಡಿದು ದಾಟಿಸಿದರು, ಆ ಹುಡುಗರು ಚೆನ್ನಾಗಿರಲಿ. ನಮ್ಮವರ ಮಂಡಿ ಮಾತ್ರ ಆವತ್ತು ರಾತ್ರಿಯೆಲ್ಲ ಮಾತಾಡಿತು. ಬುಕ್ ಮಾಡುವಾಗಲೇ ಕೇಳಬೇಕಿತ್ತು: ಯಾವ ಊರಲ್ಲಿ ಹಡಗು ದಡಕ್ಕೆ ನಿಲ್ಲುತ್ತದೆ, ಯಾವ ಊರಲ್ಲಿ ದೋಣಿ? ಗಾಲಿಕುರ್ಚಿ ಬಳಸುವವರಿಗಂತೂ ಇದು ದೊಡ್ಡ ಪ್ರಶ್ನೆ. ಅಲೆ ಜೋರಿದ್ದರೆ ಅವರನ್ನು ಇಳಿಸುವುದೇ ಇಲ್ಲ.

ಸಿಂಗಾಪುರದ ದಾರಿಯನ್ನೇ ಯಾಕೆ ಹಿಡಿದೆ ಅಂದರೆ, ಅಟ್ಲಾಸ್ ತೆಗೆದು ನೋಡಿದೆ. ಮೂವತ್ತು ವರ್ಷ ಹೈಸ್ಕೂಲಲ್ಲಿ ಪಾಠ ಮಾಡಿದ ಅಭ್ಯಾಸ, ನಕ್ಷೆ ನೋಡದೆ ಮನಸ್ಸು ಒಪ್ಪುವುದಿಲ್ಲ. ಪೆನಾಂಗ್ ಕಡೆ ಹೋಗುವ ಹಡಗು ಮಲಕ್ಕಾ ಜಲಸಂಧಿಯಲ್ಲಿ ಹೋಗುತ್ತದೆ. ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲೇಷ್ಯಾ. ಎರಡು ಗೋಡೆ ನಡುವಿನ ಓಣಿ ಇದ್ದಂಗೆ. ತೆರೆದ ಸಮುದ್ರದ ದೊಡ್ಡ ಅಲೆ ಅಲ್ಲಿಗೆ ಅಷ್ಟಾಗಿ ಬರುವುದಿಲ್ಲ. ಬಸ್ಸಲ್ಲಿ ತಿರುಪತಿ ಘಾಟಿ ಹತ್ತಿದರೂ ನಿಂಬೆಹಣ್ಣು ಮೂಸುವ ಮನುಷ್ಯರು ನಮ್ಮವರು. ಅವರಿಗೆ ಆ ಓಣಿಯೇ ಸರಿ ಅನಿಸಿತು.

ಇನ್ನು ರೂಮು. ಹಡಗಿನಲ್ಲಿ ಕ್ಯಾಬಿನ್ ಅನ್ನುತ್ತಾರೆ. ಕಿಟಕಿಯೇ ಇಲ್ಲದ್ದು, ಕಿಟಕಿ ಇರುವುದು, ಬಾಲ್ಕನಿ ಇರುವುದು, ಅದರ ಮೇಲೆ ಸೂಟು. ನಾನು ಗಣಿತದವಳು, ಕಿಟಕಿ ಇಲ್ಲದ್ದು ಅಗ್ಗ, ಮಲಗೋಕೆ ತಾನೇ ಅಂದೆ. ನಮ್ಮವರು ಒಪ್ಪಲಿಲ್ಲ. ಅವರ ತಂದೆ ಕೆಜಿಎಫ್ ಗಣಿಯಲ್ಲಿದ್ದವರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗಿಂತ ಆಳ. ಪಂಜರದಂಥ ಲಿಫ್ಟಲ್ಲಿ ಇಳಿದು, ಬೆಳಕಿಲ್ಲದೆ ದುಡಿದು ಬರುತ್ತಿದ್ದರಂತೆ. "ನಮ್ಮಪ್ಪ ಇಡೀ ಆಯುಸ್ಸು ಕಿಟಕಿ ಇಲ್ಲದ ಕಡೆ ಕಳೆದ. ದುಡ್ಡು ಕೊಟ್ಟು ನಾನು ಹೋಗಲ್ಲ ಕಣೇ," ಅಂದರು. ನಾನು ಮಾತಾಡಲಿಲ್ಲ. ಬಾಲ್ಕನಿಯದ್ದೇ ತಗೊಂಡೆವು. ಮೊದಲ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ನೋಡಿದರೆ ಪಕ್ಕದಲ್ಲಿ ಇಲ್ಲ. ಹೊರಗೆ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ದೂರದಲ್ಲಿ ಬೇರೆ ಹಡಗುಗಳ ದೀಪ, ಒಂದರ ಹಿಂದೆ ಒಂದು. "ಎಣಿಸ್ತಾ ಇದೀನಿ, ಇಪ್ಪತ್ತಮೂರಾಯ್ತು," ಅಂದರು. ಆ ಹೆಚ್ಚಿನ ದುಡ್ಡಿನ ಮಾತು ನಾನು ಮತ್ತೆ ಎತ್ತಿಲ್ಲ.

ರೂಮು ಯಾವುದಾದರೂ ಇರಲಿ, ಎಲ್ಲಿದೆ ಅನ್ನುವುದು ನೋಡಿ. ಬಸ್ಸಿನ ಕೊನೇ ಸೀಟಲ್ಲಿ ಕೂತವರಿಗೆ ಗೊತ್ತು, ನಡುವಿನ ಸೀಟಿನವರು ನಿದ್ದೆ ಹೊಡೆಯುವಾಗ ನಾವು ಹಾರಿ ಹಾರಿ ಬೀಳುತ್ತಿರುತ್ತೇವೆ. ಹಡಗಿನಲ್ಲೂ ಹಾಗೇ. ಮುಂದಿನ ತುದಿ, ಹಿಂದಿನ ತುದಿ, ತೀರ ಮೇಲಿನ ಅಂತಸ್ತು ಜಾಸ್ತಿ ಆಡುತ್ತವೆ. ನಡುವೆ, ಸ್ವಲ್ಪ ಕೆಳಗಿನ ಅಂತಸ್ತಿನಲ್ಲಿ ಕೇಳಿ. ಲಿಫ್ಟಿಗೆ ಹತ್ತಿರ ಕೇಳಿ. ಈ ಹಡಗುಗಳು ಮುನ್ನೂರು ಮೀಟರ್ ಉದ್ದ ಇರುತ್ತವೆ. ಕನ್ನಡಕ ಮರೆತು ಊಟಕ್ಕೆ ಹೋದರೆ ವಾಪಸ್ ಬರೋದು ಒಂದು ವಾಕಿಂಗ್.

ವಾಂತಿ ಮಾತ್ರೆ ಬಗ್ಗೆ ಒಂದು ಎಚ್ಚರಿಕೆ. ಮೆಡಿಕಲ್ ಸ್ಟೋರಲ್ಲಿ ಅವೋಮಿನ್ ಕೇಳಿದರೆ ಕೊಡುತ್ತಾರೆ, ನಾವೂ ಎಷ್ಟೋ ಸಲ ನುಂಗಿದ್ದೇವೆ. ಆದರೆ ಆ ಜಾತಿಯ ಮಾತ್ರೆ ವಯಸ್ಸಾದವರಿಗೆ ಮಂಪರು ತರಿಸುತ್ತದೆ, ಬಾಯಿ ಒಣಗಿಸುತ್ತದೆ. ಪ್ರಾಸ್ಟೇಟ್ ತೊಂದರೆ ಇದ್ದ ಗಂಡಸರಿಗೆ ಮೂತ್ರ ಕಟ್ಟಬಹುದು. ಗ್ಲಾಕೋಮಾ ಇದ್ದವರಿಗೂ ಒಳ್ಳೆಯದಲ್ಲ. ನಿಮ್ಮ ಡಾಕ್ಟರನ್ನು ಕೇಳಿಯೇ ತಗೊಳ್ಳಿ. ನಮ್ಮವರು ಒಣಶುಂಠಿ ಬಾಯಲ್ಲಿಟ್ಟುಕೊಂಡು ದಿಗಂತ ನೋಡುತ್ತ ಕೂತರು, ಅಷ್ಟರಲ್ಲೇ ಮುಗಿಯಿತು. ದಿಗಂತ ನೋಡಿ ಅನ್ನುವುದಕ್ಕೆ ಕಾರಣವಿದೆ. ಒಳಗಿವಿ "ಆಡುತ್ತಿದ್ದೇವೆ" ಅನ್ನುತ್ತದೆ, ರೂಮಿನೊಳಗಿನ ಕಣ್ಣು "ಇಲ್ಲ, ನಿಂತಿದ್ದೇವೆ" ಅನ್ನುತ್ತದೆ. ಆ ಜಗಳವೇ ಹೊಟ್ಟೆ ತೊಳಸುವುದು.

ಈಗ ದುಡ್ಡು. ಜಾಹೀರಾತಿನಲ್ಲಿ ಕಾಣುವ ಬೆಲೆ ಒಬ್ಬರದು, ಅದೂ ಇಬ್ಬರು ಒಂದು ರೂಮು ಹಂಚಿಕೊಂಡಾಗ. ಅದನ್ನು ಎರಡರಿಂದ ಗುಣಿಸಿ. ಬಂದರಿನ ತೆರಿಗೆ ಸೇರಿಸಿ. ಟಿಪ್ಸ್ ಅಂತ ತಲೆಗೆ ದಿನಕ್ಕೆ ಇಷ್ಟು ಅಂತ ತಾವೇ ಹಾಕುತ್ತಾರೆ, ನಾವು ಕೈಯಾರೆ ಕೊಡುವುದಲ್ಲ. ಇಂಟರ್‌ನೆಟ್ ಬೇರೆ, ಊರು ನೋಡುವ ಟೂರು ಬೇರೆ, ಕೆಲವು ಹೋಟೆಲುಗಳ ಊಟ ಬೇರೆ. ವಿಮಾನ, ವೀಸಾ, ಇನ್ಶೂರೆನ್ಸ್ ಇನ್ನೂ ಹೊರಗೇ ಇವೆ. ವಿದೇಶದ ಪ್ಯಾಕೇಜಿಗೆ ಟಿಸಿಎಸ್ ಅಂತ ಮುಂಗಡ ಆದಾಯ ತೆರಿಗೆ ಹಿಡಿಯುತ್ತಾರೆ. ಅದು ರಿಟರ್ನ್ ಹಾಕುವಾಗ ನಮ್ಮ ಲೆಕ್ಕಕ್ಕೇ ಬರುತ್ತದೆ, ರಸೀದಿ ಇಟ್ಟುಕೊಳ್ಳಿ. ನಮಗೆ ಟಿಕೆಟ್ ಮಾಡಿಕೊಟ್ಟವರು "ಎಲ್ಲಾ ಸೇರಿದೆ ಆಂಟಿ" ಅಂದಿದ್ದರು. ಕೊನೇ ರಾತ್ರಿ ಬಾಗಿಲ ಸಂದಿಯಲ್ಲಿ ಬಿಲ್ಲು ಬಂತು. ನನಗೆ ಸಿಟ್ಟು ಬಂದದ್ದು ಮೊತ್ತಕ್ಕಲ್ಲ, ಆ "ಎಲ್ಲಾ" ಅನ್ನುವ ಮಾತಿಗೆ. ಎಷ್ಟಾಯ್ತು ಅಂತ ಕೇಳಿದವರಿಗೆ ನನ್ನ ಉತ್ತರ ಇದು: ಜಾಹೀರಾತಿನ ಬೆಲೆಯ ಮೂರು ಪಟ್ಟು ಕೈಯಲ್ಲಿಟ್ಟುಕೊಂಡು ಹೊರಡಿ, ಇಬ್ಬರಿಗೂ ಸೇರಿ, ವಿಮಾನದ ಟಿಕೆಟ್ ಬಿಟ್ಟು.

ಹಡಗು ಬಂದರು ಬಿಟ್ಟ ಮೇಲೆ ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿಬಿಡಿ. ಅಲ್ಲಿ ಸಿಗುವ ಸಿಗ್ನಲ್ಲು ಸ್ಯಾಟಲೈಟಿನದ್ದು, ಮೊಮ್ಮಗಳ ಒಂದು ಫೋಟೋ ತೆರೆದರೆ ಬಿಲ್ಲು ಎಲ್ಲಿಗೆ ಹೋಗುತ್ತದೋ.

ಪಾಸ್‌ಪೋರ್ಟ್ ಅವಧಿ ಪ್ರಯಾಣದ ದಿನದಿಂದ ಆರು ತಿಂಗಳಾದರೂ ಇರಬೇಕು. ವೀಸಾದಲ್ಲಿ ಒಂದು ಸೂಕ್ಷ್ಮ ಇದೆ. ಸಿಂಗಾಪುರಕ್ಕೆ ವಿಮಾನದಲ್ಲಿ ಇಳಿದದ್ದು ಒಂದು ಪ್ರವೇಶ. ಹಡಗಲ್ಲಿ ಹೋಗಿ ವಾಪಸ್ ಬಂದದ್ದು ಎರಡನೆಯದು. ಆದ್ದರಿಂದ ಒಂದಕ್ಕಿಂತ ಜಾಸ್ತಿ ಸಲ ಒಳಗೆ ಬಿಡುವ ವೀಸಾ ಇದೆಯಾ ಅಂತ ಓದಿ ನೋಡಿಕೊಳ್ಳಿ. ಮಿಕ್ಕ ದೇಶಗಳ ನಿಯಮ ಆಗಾಗ ಬದಲಾಗುತ್ತದೆ, ಹೋದ ವರ್ಷ ಹೋಗಿ ಬಂದವರ ಮಾತು ಕೇಳಬೇಡಿ. ನನ್ನ ಮಾತೂ ಅಷ್ಟೇ.

ಹಡಗು ಹೊರಡುವ ದಿನವೇ ಅಲ್ಲಿಗೆ ಇಳಿಯುವ ವಿಮಾನ ಹಿಡಿಯಬೇಡಿ. ಒಂದು ದಿನ ಮುಂಚೆ ಹೋಗಿ. ವೇಮಗಲ್, ಎಚ್. ಕ್ರಾಸ್, ವಿಜಯಪುರ ದಾಟಿ ದೇವನಹಳ್ಳಿ ಸೇರುವಷ್ಟರಲ್ಲೇ ನಮಗೆ ಅರ್ಧ ಸುಸ್ತು. ಮೇಲೆ ನಾಲ್ಕೂವರೆ ಗಂಟೆ ವಿಮಾನ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ನಡುವಿನ ಊರುಗಳಲ್ಲೂ ಅಷ್ಟೇ, ಹೇಳಿದ ಹೊತ್ತಿಗೆ ನೀವು ಮೆಟ್ಟಿಲ ಹತ್ತಿರ ಇಲ್ಲದಿದ್ದರೆ ಅದು ಹೊರಟೇಬಿಡುತ್ತದೆ.

ಇನ್ಶೂರೆನ್ಸ್ ಮಾಡಿಸುವಾಗ ಬಿಪಿ, ಶುಗರ್ ಮುಚ್ಚಿಡಬೇಡಿ. ಮೊದಲೇ ಇರುವ ಕಾಯಿಲೆಗೂ ಅನ್ವಯಿಸುವ ಪಾಲಿಸಿ ಕೇಳಿ, ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ ನೋಡಿ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ಪುಕ್ಕಟೆ ಅಲ್ಲ. ಮಾತ್ರೆ, ಇನ್ಸುಲಿನ್, ಡಾಕ್ಟರ್ ಚೀಟಿ ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆ ರೂಮಿಗೆ ಬರುವುದು ಸಂಜೆಯಾಗಬಹುದು.

ಹತ್ತಿದ ದಿನ ಒಂದು ಸುರಕ್ಷತೆಯ ಪಾಠ ಇರುತ್ತದೆ. ಹಡಗಿನ ಸೈರನ್ ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಕೂಗಿದರೆ ಅಪಾಯ ಅಂತ ಅರ್ಥ. ಆಗ ನೀವು ಹೋಗಿ ಸೇರಬೇಕಾದ ಜಾಗ ಯಾವುದು ಅಂತ ಮೊದಲೇ ಹೋಗಿ ನೋಡಿಕೊಂಡು ಬನ್ನಿ. 2012ರ ಜನವರಿಯಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕೋರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಅವತ್ತೇ ಹತ್ತಿದ್ದ ಎಷ್ಟೋ ಜನರಿಗೆ ಆ ಪಾಠ ಇನ್ನೂ ಆಗಿರಲಿಲ್ಲ. ಆಮೇಲೆ ಹಡಗು ಹೊರಡುವ ಮುಂಚೆ ಅಥವಾ ಹೊರಟ ತಕ್ಷಣ ಮಾಡಲೇಬೇಕು ಅಂತ ನಿಯಮ ತಂದರು.

ನನಗೆ ಅಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಈಜುಕೊಳವಲ್ಲ, ನಾಟಕವಲ್ಲ. ನಲ್ಲಿ. ತಿರುಗಿಸಿದರೆ ಸಿಹಿನೀರು. ಇಷ್ಟು ಸಾವಿರ ಜನಕ್ಕೆ ನೀರು ಎಲ್ಲಿಂದ ಅಂತ ರಿಸೆಪ್ಷನ್ ಹುಡುಗಿಯನ್ನು ಕೇಳಿದೆ. ಇಲ್ಲೇ ಮಾಡ್ತೀವಿ ಅಂದಳು. ಇಂಜಿನ್ನಿನ ಬಿಸಿಯಲ್ಲಿ ಸಮುದ್ರದ ನೀರನ್ನು ಆವಿ ಮಾಡಿ ಮತ್ತೆ ತಣಿಸುತ್ತಾರೆ. ಇಲ್ಲವೇ ನಮ್ಮ ಊರಿನ ಶುದ್ಧ ನೀರಿನ ಘಟಕದ ಹಾಗೆ ಆರ್‌ಒ ಮಾಡಿ ಉಪ್ಪು ಬಿಡಿಸುತ್ತಾರೆ. ಟ್ಯಾಂಕರ್‌ಗೆ ಫೋನ್ ಮಾಡಿ ಕಾದವಳು ನಾನು. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸುವ ಅಭ್ಯಾಸ ಅಲ್ಲೂ ಹೋಗಲಿಲ್ಲ.

ಕೈ ಮಾತ್ರ ಸೋಪಿನಲ್ಲಿ ತೊಳೆಯಿರಿ. ಹಡಗಿನಲ್ಲಿ ನೋರೋವೈರಸ್ ಅಂತ ವಾಂತಿಭೇದಿ ಹರಡುವುದುಂಟು, ಸ್ಯಾನಿಟೈಸರ್‌ಗೆ ಅದು ಅಷ್ಟಾಗಿ ಬಗ್ಗುವುದಿಲ್ಲ.

ಊಟದ ಚಿಂತೆ ಬೇಡ. ಸಿಂಗಾಪುರದಿಂದ ಹೊರಡುವ ಹಡಗುಗಳಲ್ಲಿ ನಮ್ಮ ದೇಶದವರು ಜಾಸ್ತಿ, ಅನ್ನ, ಸಾರು, ಮೊಸರು ಸಿಕ್ಕಿತು. ಮುದ್ದೆ ಸಿಗಲಿಲ್ಲ. ಅದಕ್ಕೇ ನಮ್ಮವರು ರಾಗಿ ಹುರಿಹಿಟ್ಟಿನ ಪೊಟ್ಟಣ ಇಟ್ಟುಕೊಂಡಿದ್ದರು. ಬಿಸಿನೀರಿಗೆ ಅಂತ ನನಗೆ ಹೇಳದೆ ಮನೆಯ ಎಲೆಕ್ಟ್ರಿಕ್ ಕೆಟಲನ್ನೂ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಹಾಕಿದ್ದರು. ಹಡಗಿನಲ್ಲಿ ಕಾಯಿಸುವ ಸಾಮಾನು, ಇಸ್ತ್ರಿಪೆಟ್ಟಿಗೆ ಯಾವುದನ್ನೂ ಬಿಡುವುದಿಲ್ಲ, ಬೆಂಕಿಯ ಭಯ. ಪೆಟ್ಟಿಗೆ ಮಷಿನ್ನಿನೊಳಗೆ ಹೋಯಿತು, ನಮ್ಮನ್ನು ಪಕ್ಕಕ್ಕೆ ಕರೆದರು. ನನ್ನ ಎದೆ ಡವಡವ. ಕೆಟಲ್ ಹೊರಗೆ ಬಂದಾಗ ನಮ್ಮವರು ಬೇರೆ ಯಾರದ್ದೋ ಅನ್ನುವ ಹಾಗೆ ಆ ಕಡೆ ನೋಡುತ್ತ ನಿಂತರು. ಹುಡುಗ ನಗುತ್ತ ಚೀಟಿ ಕಟ್ಟಿ, ನಂಬರ್ ಕೊಟ್ಟು ಇಟ್ಟುಕೊಂಡ. ಐದನೇ ದಿನ ಇಳಿಯುವಾಗ ಸಹಿ ಹಾಕಿಸಿಕೊಂಡು ವಾಪಸ್ ಕೊಟ್ಟ.

ಅದೇ ಕೆಟಲ್ ಈಗ ಹಿಂದಿನ ಮೇಜಿನ ಮೇಲಿದೆ, ಚೀಟಿ ಇನ್ನೂ ಕಿತ್ತಿಲ್ಲ. ನೀರು ಕಾದಿರಬೇಕು. ಏನ್ರೀ, ಒಂದು ಸಲ ನೋಡಿ. ಪ್ರಶ್ನೆ ಇದ್ದವರು ಕಾಫಿ ಲೋಟ ಹಿಡಿದುಕೊಂಡೇ ಕೇಳಿ.